ಬಲಗಣ್ಣಿಗೆ ದಾರಿ, ಎಡಗಣ್ಣಿಗೆ ಬಿಸಿ

ಏಳನೆಯ ದಿನದ ಖತಂ ಪ್ರಾರ್ಥನೆ ಮುಗಿಸಿ ನೆಂಟರೆಲ್ಲ ಹೋದರು. ಎಂಟನೆಯ ದಿನ ಬೆಳಿಗ್ಗೆ ಮೀನಿನ ಉಮ್ಮರ್ ಗೇಟಿನ ಹತ್ತಿರ ಎಂದಿನ ಹಾಗೆ ಎರಡು ಸಲ ಹಾರ್ನ್ ಒತ್ತಿದ. ಸಾವಿನ ಮನೆಯೆಂದು ಇಷ್ಟು ದಿನ ಅವನು ಇಂಜಿನು ನಿಲ್ಲಿಸಿ, ಗಾಡಿಯನ್ನು ತಳ್ಳಿಕೊಂಡು ಮನೆ ದಾಟುತ್ತಿದ್ದ.

"ಬಂಗುಡೆ ಇವತ್ತಿನದ್ದಾ?" ಸೈನಬ ಜಗಲಿಯಿಂದಲೇ ಕೇಳಿದರು.

"ಇವತ್ತಿನದ್ದೇ ಉಮ್ಮ. ಕಣ್ಣು ನೋಡಿ ಬೇಕಾದರೆ."

"ಕಣ್ಣು ನೋಡಿಯೇ ಕೇಳಿದ್ದು. ನಿನ್ನೆಯದ್ದಕ್ಕೆ ಐಸ್ ಹಾಕಿ ಇವತ್ತಿನದ್ದು ಮಾಡಿದ್ದೀಯ."

"ನಿಮ್ಮ ಬಾಯಿ ಕೇಳದೆ ಒಂದು ವಾರ ಆಗಿತ್ತು," ಎಂದು ಉಮ್ಮರ್ ಎರಡು ಮೀನು ಹೆಚ್ಚು ಹಾಕಿದ. ಸೈನಬ ಬೇಡ ಎನ್ನಲಿಲ್ಲ. ಸತ್ತವನು ಅವರ ಕಿರಿಯ ಮಗ ಝುಬೈರ್.

ಒಳಗೆ ಕಸ ಗುಡಿಸುತ್ತಿದ್ದ ಅವನ ಹೆಂಡತಿ ನಸೀಬಾ ಆ ಮಾತು ಕೇಳಿ ಕೈ ನಿಲ್ಲಿಸಿದಳು. ಇನ್ನು ದಿನಗಳು ಹೀಗೆಯೇ ಎಂದು ಅವಳಿಗೆ ತಿಳಿಯಿತು. ಅಳು ಬರಲಿಲ್ಲ. ಬಂದರೆ ಒಳ್ಳೆಯದು ಎಂದು ನೋಡಲು ಬಂದ ಹೆಂಗಸರೆಲ್ಲ ಹೇಳಿ ಹೋಗಿದ್ದರು. ಅವಳು ಮಂಚದ ಅಡಿಗೆ ಹಿಡಿಸೂಡಿ ಹಾಕಿದಳು. ಅದು ಒಂದು ರಟ್ಟಿನ ಪೆಟ್ಟಿಗೆಗೆ ತಾಗಿತು.

ಪೆಟ್ಟಿಗೆಯಲ್ಲಿ ಏನಿದೆಯೆಂದು ಅವಳಿಗೆ ಗೊತ್ತಿತ್ತು. ಹಳದಿ ಹೆಲ್ಮೆಟ್ಟು, ಗಲ್ಫಿನಲ್ಲಿರುವ ಅವಳ ತಮ್ಮ ಹಸೈನಾರ್ ತಂದುಕೊಟ್ಟದ್ದು. ಅದರ ಮುಂದೆ ಬಲಗಣ್ಣಿಗೆ ಸರಿಯಾಗಿ ಒಂದು ಗಿಡ್ಡ ದುರ್ಬೀನು. ಅದನ್ನೂ ಹಸೈನಾರನೇ ದುಬೈಯ ಹಳೆ ಸಾಮಾನಿನ ಅಂಗಡಿಯಲ್ಲಿ ಹುಡುಕಿ ತಂದಿದ್ದ. ಇಷ್ಟೇ ಇಷ್ಟು ಬೆಳಕಿದ್ದರೂ ಅದನ್ನು ಹಿಗ್ಗಿಸಿ ಕತ್ತಲನ್ನು ಹಸಿರು ಚಿತ್ರ ಮಾಡಿ ತೋರಿಸುವ ದುರ್ಬೀನು ಅದು. ಎಡಬದಿಗೆ ಅಲ್ಯೂಮಿನಿಯಂ ಪಟ್ಟಿಯ ಮೇಲೆ ನಾಲ್ಕು ಸ್ಕ್ರೂಗಳಲ್ಲಿ ಕೂತಿದ್ದದ್ದು ಒಂದು ಥರ್ಮಲ್ ಕ್ಯಾಮೆರಾ. ಬೆಳಕು ಅದಕ್ಕೆ ಬೇಡ, ಬಿಸಿ ಸಾಕು. ಅದರ ಚಿತ್ರ ಎಡಗಣ್ಣಿನ ಮುಂದೆ ಕಟ್ಟಿದ ಒಂದು ಸಣ್ಣ ಪರದೆಗೆ ಬರುತ್ತಿತ್ತು. ಮುಂದಿನ ಭಾರಕ್ಕೆ ಹೆಲ್ಮೆಟ್ಟು ಮೂಗಿನ ಮೇಲೆ ಜಾರಬಾರದೆಂದು ಹಿಂದುಗಡೆ ಒಂದು ಬಟ್ಟೆಯ ಚೀಲವನ್ನು ಝುಬೈರನೇ ಹೊಲಿದು ಹಾಕಿದ್ದ. ಹೊಲಿಗೆ ಸೊಟ್ಟ. ಒಳಗೆ ಏನೋ ಭಾರದ್ದು.

ಆ ಕ್ಯಾಮೆರಾ ಮಾತ್ರ ಝುಬೈರನದ್ದಲ್ಲ. ಸಿದ್ಧಕಟ್ಟೆಯ ಕಮಲಾಕ್ಷನದ್ದು.

ಝುಬೈರ್ ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುತ್ತಿದ್ದ. ಬಂಟ್ವಾಳದಿಂದ ದಿನಾ ಬಸ್ಸು. ಅದೇ ಬಸ್ಸಿಗೆ ಸಿದ್ಧಕಟ್ಟೆಯಲ್ಲಿ ಹತ್ತುವವನು ಕಮಲಾಕ್ಷ. ಅಕ್ಕಿ ಮಿಲ್ಲು, ಗೇರುಬೀಜದ ಫ್ಯಾಕ್ಟರಿಗಳಿಗೆ ಹೋಗಿ, ಕರೆಂಟಿನ ಪ್ಯಾನೆಲ್ ಬೋರ್ಡಿನಲ್ಲಿ ಯಾವ ಜಾಯಿಂಟು ಬಿಸಿಯಾಗುತ್ತಿದೆ ಎಂದು ಸುಟ್ಟುಹೋಗುವ ಮೊದಲೇ ಕ್ಯಾಮೆರಾದಲ್ಲಿ ನೋಡಿ ಹೇಳುವುದು ಅವನ ಕೆಲಸ. ಮೂರು ಜಿಲ್ಲೆಯಲ್ಲಿ ಅಂಥ ಕ್ಯಾಮೆರಾ ತನ್ನಲ್ಲಿ ಮಾತ್ರ ಉಂಟು ಎಂದು ಅವನು ಹೇಳಿಕೊಳ್ಳುತ್ತಿದ್ದ. ಅದು ಸುಳ್ಳಿರಲಿಕ್ಕಿಲ್ಲ.

ಝುಬೈರ್ ಅದನ್ನು ಕೇಳಿದ್ದಕ್ಕೆ ಕಾರಣ ಚಾರ್ಮಾಡಿ ಘಾಟಿ. ಎರಡು ವರ್ಷದ ಹಿಂದೆ ಒಂದು ರಾತ್ರಿ, ಮೂಡಿಗೆರೆಯಿಂದ ಬರುವಾಗ, ಅವನಿದ್ದ ಬಸ್ಸಿನ ಮುಂದೆ ಹೋಗುತ್ತಿದ್ದ ಟೆಂಪೊ ತಿರುವಿನಲ್ಲಿ ಕಣಿವೆಗೆ ಬಿತ್ತು. ಬಸ್ಸಿನವರೆಲ್ಲ ಇಳಿದು ಹುಡುಕಿದರು. ಮಂಜಿಗೆ ಟಾರ್ಚು ಹಾಕಿದರೆ ಬೆಳಕೆಲ್ಲ ಮುಖಕ್ಕೇ ವಾಪಸು. ಬೆಳಗಾದ ಮೇಲೆ ಡ್ರೈವರ್ ಸಿಕ್ಕಿದ, ಅವರು ಎರಡು ಸಲ ದಾಟಿಹೋದ ಬಂಡೆಯ ಹಿಂದೆ. ಎತ್ತಿದವರಲ್ಲಿ ಝುಬೈರನೂ ಒಬ್ಬ. "ಮೈ ಇನ್ನೂ ಬೆಚ್ಚಗಿತ್ತು," ಎಂದು ಮನೆಗೆ ಬಂದು ಹೇಳಿದ. ಅದರ ನಂತರ ಆ ಮಾತು ಬಿಟ್ಟು ಬೇರೆಯದಕ್ಕೆ ಅವನ ಮನಸ್ಸು ಸರಿಯಾಗಿ ಹೋಗಲಿಲ್ಲ.

"ಕ್ಯಾಮೆರಾ ಮಾತ್ರ ಇದ್ದರೆ ಸಾಲದು," ಎನ್ನುತ್ತಿದ್ದ. "ಮನುಷ್ಯ ಎಲ್ಲಿದ್ದಾನೆ ಅಂತ ಗೊತ್ತಾಗ್ತದೆ, ಕಾಲು ಎಲ್ಲಿಡಬೇಕು ಅಂತ ಗೊತ್ತಾಗುವುದಿಲ್ಲ. ಕಲ್ಲು, ಹೊಂಡ ಎಲ್ಲ ಒಂದೇ ತಂಪು. ದುರ್ಬೀನಿಗೆ ಕಲ್ಲು ಕಾಣ್ತದೆ, ಎಲೆಯ ಎಡೆಯಲ್ಲಿ ಬಿದ್ದ ಮನುಷ್ಯ ಕಾಣುವುದಿಲ್ಲ. ಎರಡೂ ಒಟ್ಟಿಗೆ ಬೇಕು. ಬಲಗಣ್ಣಿಗೆ ದಾರಿ, ಎಡಗಣ್ಣಿಗೆ ಬಿಸಿ. ದಟ್ಟ ಮಂಜಿನಲ್ಲಿ ಇದೂ ಸೋಲಬಹುದು. ಆದರೆ ಟಾರ್ಚಿಗಿಂತ ಮೇಲು."

ಜುಲೈಯಲ್ಲಿ ಕಮಲಾಕ್ಷ ಕ್ಯಾಮೆರಾ ಕೊಟ್ಟ. ಮಳೆಗಾಲದಲ್ಲಿ ಕೆಲಸ ಕಡಿಮೆ, ಚೌತಿಯ ಒಳಗೆ ವಾಪಸು ಕೊಟ್ಟರೆ ಸಾಕು ಎಂದಿದ್ದ. ಆಗಸ್ಟಿನಲ್ಲಿ ಝುಬೈರನಿಗೆ ಜ್ವರ ಬಂತು. ಇಲಿ ಜ್ವರ ಎಂದು ತಿಳಿಯುವಾಗ ಐದು ದಿನ ಕಳೆದಿತ್ತು. ಒಂಬತ್ತನೆಯ ದಿನ ಎಲ್ಲ ಮುಗಿಯಿತು. 2005ನೇ ಇಸವಿ. ಅವನಿಗೆ ಮೂವತ್ತಮೂರು, ಅವಳಿಗೆ ಇಪ್ಪತ್ತೇಳು.

ದಫನಕ್ಕೆ ಮೊದಲು ಮಸೀದಿಯ ಮೈಕಿನಲ್ಲಿ ಅಣ್ಣ ಝಕರಿಯಾ, ವಾಡಿಕೆಯಂತೆ, ನೆರೆದವರಿಗೆ ಕೇಳಿದ್ದರು. "ನನ್ನ ತಮ್ಮನಿಂದ ಯಾರಿಗಾದರೂ ಏನಾದರೂ ಬರಲಿಕ್ಕೆ ಉಂಟಾದರೆ ನನ್ನಲ್ಲಿ ಹೇಳಿ, ನಾನು ಕೊಡ್ತೇನೆ. ಇಲ್ಲದಿದ್ದರೆ ಅಲ್ಲಾಹನ ಹೆಸರಿನಲ್ಲಿ ಮನ್ನಿಸಿಬಿಡಿ." ಮನೆ ಮಸೀದಿಗೆ ಹತ್ತಿರ. ನಸೀಬಾ ಒಳಗಿನ ಕೋಣೆಯಲ್ಲಿ ಕೂತು ಅದನ್ನು ಕೇಳಿದ್ದಳು. ಮಂಚದ ಅಡಿಯ ಪೆಟ್ಟಿಗೆ ಆಗಲೇ ನೆನಪಾಗಿತ್ತು.

ಆ ಎಂಟನೆಯ ದಿನ ಮಧ್ಯಾಹ್ನ ಝಕರಿಯಾ ತಮ್ಮ ದಿನಸಿ ಅಂಗಡಿಯಿಂದ ಊಟಕ್ಕೆ ಬಂದವರು ಬಾಗಿಲ ಪರದೆಯ ಆಚೆಯೇ ನಿಂತರು. ಅವಳು ಇದ್ದತ್ ಕೂತಿದ್ದಳು. ನಾಲ್ಕು ತಿಂಗಳು ಹತ್ತು ದಿನ ಮನೆ ಬಿಟ್ಟು ಹೋಗುವಂತಿಲ್ಲ, ಹೊರಗಿನ ಗಂಡಸರ ಮುಂದೆ ಬರುವಂತಿಲ್ಲ.

"ನಸೀಬಾ, ಯಾರೂ ಬಂದು ಕೇಳಲಿಲ್ಲ. ಆದರೂ ನಿನಗೆ ಗೊತ್ತಿದ್ದದ್ದು ಏನಾದರೂ ಉಂಟಾ? ಅವನ ತಲೆಯ ಮೇಲೆ ಯಾರದ್ದೂ ಉಳಿಯಬಾರದು."

"ಇಲ್ಲ ಝಕರಿಯಾಕ," ಎಂದಳು.

ಯಾಕೆ ಹಾಗೆ ಹೇಳಿದಳೆಂದು ಅವಳಿಗೇ ತಿಳಿಯಲಿಲ್ಲ. ನಾಲ್ಕು ಸ್ಕ್ರೂ ಬಿಚ್ಚಿದರೆ ಆಯಿತು. ಝಕರಿಯಾ ಸಂಜೆಯೇ ಸಿದ್ಧಕಟ್ಟೆಗೆ ತಲುಪಿಸುತ್ತಿದ್ದರು. ಆದರೆ ಆ ಸ್ಕ್ರೂಗಳನ್ನು ತಿರುಗಿಸಿದ ಕೊನೆಯ ಕೈ ಅವನದ್ದು. ಅದನ್ನು ಬಿಚ್ಚುವ ಕೈ ತನ್ನದಾಗುವುದು ಅವಳಿಗೆ ಬೇಡವಾಗಿತ್ತು.

ಊಟ ಮಾಡುತ್ತ ಝಕರಿಯಾ ತಾಯಿಯ ಹತ್ತಿರ ಬೇರೆ ದೂರು ಹೇಳುತ್ತಿದ್ದರು. ಅಂಗಡಿಯ ಅರ್ಧ ಕಿಲೋದ ತೂಕದ ಕಲ್ಲು ಕಾಣೆಯಾಗಿದೆ. ಅಂಗಡಿಯ ಕೆಲಸದ ಚನಿಯಪ್ಪನಿಗೆ ಹೇಳಿ ಹೇಳಿ ಸಾಕಾಯಿತು, ಅವನು ತೆಗೆದದ್ದು ತೆಗೆದಲ್ಲಿ ಇಡುವ ಜನವಲ್ಲ.

ಚೌತಿ ಬಂತು. ಗಣಪತಿಯ ಮೆರವಣಿಗೆಯ ಬ್ಯಾಂಡು ಪೇಟೆಯಲ್ಲಿ ಹೋಗುವುದು ಒಳಗೆ ಕೇಳಿಸಿತು. ನಸೀಬಾ ಕಿಟಕಿ ಹಾಕಿದಳು. ಕಮಲಾಕ್ಷನಿಂದ ಯಾವ ಸುದ್ದಿಯೂ ಇರಲಿಲ್ಲ. ಅವನಿಗೆ ಅವಸರ ಇಲ್ಲದಿರಬೇಕು ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಆ ಮಾತನ್ನು ದಿನಕ್ಕೆ ಎರಡು ಸಲ ಹೇಳಿಕೊಳ್ಳಬೇಕಾಗುತ್ತಿತ್ತು.

ನವೆಂಬರಿನ ಒಂದು ದಿನ ಪೆಟ್ಟಿಗೆಯ ತಳದಲ್ಲಿದ್ದ ಅವನ ನೋಟ್‌ಬುಕ್ಕನ್ನು ತೆರೆದಳು. ಕೊನೆಯ ಪುಟದಲ್ಲಿ ಹೀಗಿತ್ತು: 'ಕೋಣೆಯಲ್ಲಿ ಸರಿ. ಅಂಗಳದಲ್ಲಿ ತಪ್ಪು. ಬಿಸಿ ಎಡಕ್ಕೆ. ಸ್ಕ್ರೂ ಸಡಿಲವೇ?' ಅದರ ಕೆಳಗೆ ಬೇರೆ ತಾರೀಕಿನಲ್ಲಿ ಪುನಃ: 'ಸ್ಕ್ರೂ ಬಿಗಿ ಮಾಡಿದೆ. ಕೋಣೆಯಲ್ಲಿ ಸರಿ. ಅಂಗಳದಲ್ಲಿ ತಪ್ಪು.' ಮೂರನೆಯ ಸಲವೂ ಅದೇ.

ನಸೀಬಾ ಆ ಪುಟವನ್ನು ಎರಡು ಸಲ ಓದಿದಳು. ಕೊಣಾಜೆಯ ವಿಶ್ವವಿದ್ಯಾಲಯದಲ್ಲಿ ಅವಳು ಓದಿದ್ದು ಭೌತಶಾಸ್ತ್ರ. ಎಂ.ಎಸ್ಸಿಯ ಕೊನೆಯ ವರ್ಷ ಬೆಳಕಿನ ಪಾಠವೇ ಹೆಚ್ಚು. ಅವನು ಏನು ಮಾಡಿದ್ದಾನೆಂದು ಅವಳಿಗೆ ಕಂಡಿತು. ಕಾಲೇಜಿನಿಂದ ಬಂದು, ಕೋಣೆಯ ಮೇಜಿನ ಮೇಲೆ ಇಸ್ತ್ರಿ ಪೆಟ್ಟಿಗೆಯನ್ನು ಬಿಸಿಗಿಟ್ಟು, ಅದನ್ನೇ ಗುರಿ ಮಾಡಿ ಎರಡು ಚಿತ್ರಗಳನ್ನೂ ಒಂದರ ಮೇಲೊಂದು ಕೂರಿಸುತ್ತಿದ್ದ. ಆ ಸಣ್ಣ ಕೋಣೆಯಲ್ಲಿ ಮೇಜಿನಿಂದ ಆರು ಅಡಿಗಿಂತ ಆಚೆ ನಿಲ್ಲಲು ಜಾಗವಿಲ್ಲ. ದುರ್ಬೀನಿಗೂ ಕ್ಯಾಮೆರಾಕ್ಕೂ ನಡುವೆ ಐದು ಇಂಚು. ಆರು ಅಡಿಯಲ್ಲಿ ಎರಡು ನೋಟಗಳನ್ನು ಸೇರಿಸಿದರೆ ಅಲ್ಲಿಂದ ಆಚೆಗೆ ಅವು ಒಂದನ್ನೊಂದು ದಾಟಿ ದೂರವಾಗುತ್ತಲೇ ಹೋಗುತ್ತವೆ. ಸ್ಕ್ರೂಗಳಲ್ಲಿ ಏನೂ ತಪ್ಪಿರಲಿಲ್ಲ. ಅವನು ಹತ್ತಿರದ್ದನ್ನು ನೋಡಿ ದೂರಕ್ಕೆ ಹೊರಟಿದ್ದ.

ಕೇಳಿದ್ದರೆ ಐದು ನಿಮಿಷದ ಕೆಲಸ. ಅವನು ಕೇಳಲಿಲ್ಲ. ಇವಳೂ ಇಸ್ತ್ರಿ ಪೆಟ್ಟಿಗೆ ಯಾವಾಗ ಬಿಡ್ತೀರಿ ಎಂದು ಕೇಳಿದ್ದಳೇ ಹೊರತು, ಅದರಲ್ಲಿ ಏನು ಮಾಡ್ತೀರಿ ಎಂದು ಕೇಳಿರಲಿಲ್ಲ. ಎಷ್ಟೋ ವಾರಗಳ ನಂತರ ಅವಳಿಗೆ ಮೊದಲ ಸಲ ಏನೋ ಅನಿಸಿತು. ಅದು ದುಃಖವಲ್ಲ, ಸಿಟ್ಟು.

ಅಳೆಯಲು ಉದ್ದದ ಕತ್ತಲೆಯ ಜಾಗ ಬೇಕಿತ್ತು. ಮನೆಯ ಹಿಂದುಗಡೆಗೆ ಸೇರಿಕೊಂಡೇ ಝಕರಿಯಾರ ಅಕ್ಕಿಯ ಗೋದಾಮು ಇತ್ತು. ನಲವತ್ತು ಅಡಿ ಉದ್ದ, ಕಿಟಕಿಯಿಲ್ಲ. ಅಡುಗೆಮನೆಯಿಂದಲೇ ಬಾಗಿಲು. ಊಟದ ನಂತರ ಅವಳು ಅತ್ತೆಯನ್ನು ಕರೆದುಕೊಂಡು ಹೋಗಿ ತುದಿಯ ಅಕ್ಕಿಮೂಟೆಯ ಮೇಲೆ ಕೂರಿಸಿ, ಕೈಗೆ ಚಹಾದ ಗ್ಲಾಸು ಕೊಟ್ಟಳು. ಬಾಗಿಲ ಅಡಿಯ ಸಂದಿಯಿಂದ ಬರುವ ಬೆಳಕು ದುರ್ಬೀನಿಗೆ ಸಾಕಾಗಿತ್ತು.

"ಎಷ್ಟು ಹೊತ್ತು ಕೂರಬೇಕು?" ಕತ್ತಲೆಯಿಂದ ಸೈನಬ ಕೇಳಿದರು.

"ಐದು ನಿಮಿಷ ಉಮ್ಮ."

"ನನ್ನ ಮಗನೂ ಐದು ನಿಮಿಷ ಅಂತಲೇ ಹೇಳ್ತಿದ್ದದ್ದು. ಈಗ ಏನು ಕಾಣ್ತದೆ ನಿನಗೆ?"

"ನೀವು."

"ನಾನು ಇಲ್ಲೇ ಕೂತಿದ್ದೇನಲ್ಲ, ಅದಕ್ಕೆ ಮಿಷನ್ ಯಾಕೆ?"

ಬಲಗಣ್ಣಿಗೆ ಹಸಿರು ಮೂಟೆಗಳು, ಹಸಿರು ಸೈನಬ. ಎಡಗಣ್ಣಿಗೆ ಕಪ್ಪಿನಲ್ಲಿ ಒಂದು ಬಿಳಿಯ ಮುಖ, ಎರಡು ಬಿಳಿಯ ಕೈ, ಅವುಗಳ ನಡುವೆ ಇನ್ನೂ ಬಿಳುಪಾದ ಚಹಾದ ಗ್ಲಾಸು. ಎರಡೂ ಕಣ್ಣು ತೆರೆದರೆ ಬಿಳಿಯ ಸೈನಬ ಹಸಿರು ಸೈನಬರಿಂದ ಎರಡಡಿ ಎಡಕ್ಕೆ, ಯಾರೂ ಇಲ್ಲದ ಮೂಟೆಯ ಮೇಲೆ ಕೂತಿದ್ದರು. ಕಣಿವೆಯಲ್ಲಿ ಎರಡಡಿ ಎಂದರೆ ಬಂಡೆಯ ಆಚೆ ಅಥವಾ ಈಚೆ.

ಲೆಕ್ಕ ಸಣ್ಣದು. ಅಲ್ಯೂಮಿನಿಯಂ ಪಟ್ಟಿಗೂ ಕ್ಯಾಮೆರಾದ ಮುಂಭಾಗಕ್ಕೂ ನಡುವೆ ಕಾಲಿಂಚು ದಪ್ಪದ ಒಂದು ತುಂಡು ಇಟ್ಟರೆ ಸಾಕು. ಮರ ಇಟ್ಟರೆ ಒಡೆಯಬಹುದು, ರಟ್ಟು ಇಟ್ಟರೆ ಒದ್ದೆಯಾಗಬಹುದು. ರಬ್ಬರ್ ಬೇಕು. ಹಿಂಬಾಗಿಲ ಮೆಟ್ಟಿಲಲ್ಲಿ ಅವನ ಹವಾಯಿ ಚಪ್ಪಲಿ ಹಾಗೆಯೇ ಇತ್ತು. ಯಾರೂ ಅದನ್ನು ಮುಟ್ಟಿರಲಿಲ್ಲ, ಅದರ ಮಾತೂ ಎತ್ತಿರಲಿಲ್ಲ. ನಸೀಬಾ ಬಲಗಾಲಿನದ್ದನ್ನು ತೆಗೆದುಕೊಂಡು ಹಿಮ್ಮಡಿಯ ಕಡೆಯಿಂದ ಒಂದು ಓರೆ ತುಂಡು ಕತ್ತರಿಸಿದಳು. ಅವನು ಹಿಮ್ಮಡಿ ಒತ್ತಿ ನಡೆಯುವವನು. ಅಲ್ಲಿ ರಬ್ಬರ್ ಮೊದಲೇ ಓರೆಯಾಗಿ ಸವೆದಿತ್ತು.

ಅದನ್ನು ಇಟ್ಟು ಸ್ಕ್ರೂ ಬಿಗಿದು ಪುನಃ ನೋಡಿದಾಗ ಬಿಳಿಯ ಸೈನಬ ಮೆಲ್ಲನೆ ಬಂದು ಹಸಿರು ಸೈನಬರಲ್ಲಿ ಕೂತರು. ಕೈ ಕೈಯಲ್ಲಿ, ಮುಖ ಮುಖದಲ್ಲಿ.

"ಆಯ್ತಾ?"

"ಆಯ್ತು ಉಮ್ಮ."

"ಅವನಿಗೆ ಆಗಿರಲಿಲ್ವಾ?"

"ಇನ್ನು ಸ್ವಲ್ಪ ಬಾಕಿ ಇತ್ತು."

ಸೈನಬ ತಣ್ಣಗಾದ ಚಹಾ ಕುಡಿದು ಎದ್ದು ಬಂದರು. ಸಂಜೆ ಮೆಟ್ಟಿಲಲ್ಲಿ ಚಪ್ಪಲಿ ನೋಡಿದರು. "ಒಂದನ್ನು ಕತ್ತರಿಸಿ ಇನ್ನೊಂದನ್ನು ಇಟ್ಟರೆ ಯಾರಿಗೆ ಬರ್ತದೆ?" ಎಂದು ಎರಡನ್ನೂ ಎತ್ತಿ ಒಳಗೆ ತೆಗೆದಿಟ್ಟರು. ಒಗೆಯಲು ಹಾಕಿದ್ದ ಬಟ್ಟೆಯ ಹತ್ತಿರ ಅವರು ತುಂಬ ಹೊತ್ತು ಬೆನ್ನು ತಿರುಗಿಸಿ ನಿಂತಿದ್ದರು.

ಕೆಲಸ ಮುಗಿದ ಮೇಲೆ ಇನ್ನೂ ಇಟ್ಟುಕೊಳ್ಳಲು ಯಾವ ನೆಪವೂ ಉಳಿಯಲಿಲ್ಲ. ಆದರೂ ಅವಳು ಝಕರಿಯಾರ ಕೈಯಲ್ಲಿ ಕಳಿಸಲಿಲ್ಲ. ಇಲ್ಲ ಎಂದು ಹೇಳಿದ ಬಾಯಿಂದ ಉಂಟು ಎನ್ನುವುದು ಒಂದೊಂದು ದಿನ ಕಳೆದಷ್ಟೂ ಕಷ್ಟವಾಗುತ್ತಿತ್ತು. ಇದ್ದತ್ ಮುಗಿಯಲಿ, ತಾನೇ ಕೊಡುತ್ತೇನೆ ಎಂದುಕೊಂಡಳು.

ಡಿಸೆಂಬರಿನ ಕೊನೆಯ ವಾರ ಇದ್ದತ್ ಮುಗಿಯಿತು. ಮರುದಿನವೇ ಬೆಳಿಗ್ಗೆ ಅವಳು ಪೆಟ್ಟಿಗೆ ಹಿಡಿದುಕೊಂಡು ಸಿದ್ಧಕಟ್ಟೆಯ ಬಸ್ಸು ಹತ್ತಿದಳು. ಅವನು ದಿನಾ ಹೋಗುತ್ತಿದ್ದ ಬಸ್ಸು. ಕಂಡಕ್ಟರ್ ಅವಳನ್ನು ಗುರುತಿಸಲಿಲ್ಲ. ಗುರುತಿಸುವ ಕಾರಣವೂ ಇರಲಿಲ್ಲ.

ಕಮಲಾಕ್ಷನ ಮನೆ ರಸ್ತೆಯ ಬದಿಯಲ್ಲೇ. ಪಕ್ಕದಲ್ಲಿ ಶೀಟಿನ ಒಂದು ಉದ್ದದ ಶೆಡ್ಡು. ಅವನ ಹೆಂಡತಿ ಕಾಂತಿ ಅಂಗಳದಲ್ಲಿ ಹಪ್ಪಳ ಒಣಗಿಸುತ್ತಿದ್ದಳು. ನಸೀಬಾ ತಾನು ಯಾರೆಂದು ಹೇಳಿದ ಕೂಡಲೇ ಕಾಂತಿಯ ಕಣ್ಣು ಪೆಟ್ಟಿಗೆಯ ಮೇಲೆ ಹೋಯಿತು.

"ಬನ್ನಿ ಅಕ್ಕ, ಕುಳಿತುಕೊಳ್ಳಿ. ಏನೂಂದ್ರೆ, ಇಲ್ಲಿ ಬನ್ನಿ. ಯಾರು ಬಂದಿದ್ದಾರೆ ನೋಡಿ."

ಕಮಲಾಕ್ಷ ಒಳಗಿನಿಂದ ಬಂದ. ಅವನ ಬಲಗೈ ಮಣಿಕಟ್ಟಿನವರೆಗೆ ಬಟ್ಟೆಯಲ್ಲಿ ಸುತ್ತಿತ್ತು.

"ಕೈಗೆ ಏನಾಯಿತು?" ನಸೀಬಾ ಕೇಳಿದಳು.

"ಸಣ್ಣದು. ಒಂದು ಮಿಲ್ಲಿನಲ್ಲಿ ಸ್ವಲ್ಪ ಸುಟ್ಟಿತು."

"ಸಣ್ಣದಂತೆ," ಎಂದಳು ಕಾಂತಿ. "ಚೌತಿಯಿಂದ ಈಚೆಗೆ ಕೋಲಿನ ತುದಿಗೆ ಮೇಣದ ಬತ್ತಿ ಕಟ್ಟಿಕೊಂಡು ಹೋಗುವುದು ಅಕ್ಕ. ಜಾಯಿಂಟಿಗೆ ಮುಟ್ಟಿಸಿ ಮೇಣ ಕರಗಿದರೆ ಬಿಸಿ, ಕರಗದಿದ್ದರೆ ತಂಪು. ಇವರ ಗುರುಗಳ ಕಾಲದ ವಿದ್ಯೆ. ಕೋಲು ಜಾರಿದರೆ ಹೀಗೆ. ಹೋಗಿ ನಿಮ್ಮ ವಸ್ತು ಕೇಳಿ ತನ್ನಿ ಅಂತ ನಾನು ಹೇಳಿ ಸಾಕಾಯಿತು. ಇವರಿಗೆ ಮರ್ಯಾದೆ ಜಾಸ್ತಿ."

"ನೀನು ಸುಮ್ಮನಿರು ಮಾರಾಯ್ತಿ."

ನಸೀಬಾ ಆ ಬಟ್ಟೆ ಸುತ್ತಿದ ಕೈಯನ್ನೇ ನೋಡಿದಳು. "ಯಾಕೆ ಕೇಳಲಿಲ್ಲ?" ಎಂದಳು.

ಕಮಲಾಕ್ಷ ಎಡಗೈಯಿಂದ ಕುತ್ತಿಗೆ ತುರಿಸಿಕೊಂಡ. "ಅಂದು ನಾನು ಮಸೀದಿಯ ಗೇಟಿನ ಹೊರಗೆ ನಿಂತಿದ್ದೆ ಮೇಡಂ. ಮೈಕಿನಲ್ಲಿ ನಿಮ್ಮ ಭಾವ ಕೇಳಿದರಲ್ಲ, ಬರಲಿಕ್ಕೆ ಉಂಟಾದರೆ ಹೇಳಿ, ಇಲ್ಲದಿದ್ದರೆ ಮನ್ನಿಸಿ ಅಂತ. ಬ್ಯಾರಿ ಭಾಷೆ ನನಗೆ ಗೊತ್ತಾಗ್ತದೆ. ಆ ಹೊತ್ತಿಗೆ ಹೇಗೆ ಬಾಯಿ ಬಿಡುವುದು? ನಾನು ಸುಮ್ಮನಿದ್ದೆ. ಸುಮ್ಮನಿದ್ದವ ಮನ್ನಿಸಿದ ಹಾಗೆ ಆಯ್ತಲ್ಲ. ದೇವರ ಹೆಸರಿನಲ್ಲಿ ಮನ್ನಿಸಿದ್ದನ್ನು ಪುನಃ ಹೋಗಿ ಕೇಳಿದರೆ, ಅಲ್ಲಿ ಸರ್‌ಗೆ ತೊಂದರೆ ಆಗುವುದಿಲ್ವಾ?"

"ಹಾಗೇನೂ ಇಲ್ಲ. ಯಾವಾಗ ಬೇಕಾದರೂ ಕೇಳಬಹುದಿತ್ತು."

"ಅದು ನನಗೆ ಹೇಗೆ ಗೊತ್ತಾಗಬೇಕು? ನಮ್ಮಲ್ಲಿ ಮೈಕಿನಲ್ಲಿ ಕೇಳುವ ಕ್ರಮ ಇಲ್ಲವಲ್ಲ."

ಕಾಂತಿ ನಗಲು ಹೋಗಿ, ನಸೀಬಾಳ ಮುಖ ನೋಡಿ ನಿಲ್ಲಿಸಿದಳು.

"ಭಾವ ನನ್ನಲ್ಲಿಯೂ ಕೇಳಿದ್ದರು," ಎಂದಳು ನಸೀಬಾ. "ಕೊಡಲಿಕ್ಕೆ ಏನಾದರೂ ಉಂಟಾ ಅಂತ. ನಾನು ಇಲ್ಲ ಅಂದೆ. ಇದು ಮಂಚದ ಅಡಿಯಲ್ಲಿ ಇತ್ತು. ನನಗೆ ಗೊತ್ತಿತ್ತು."

ರಸ್ತೆಯಲ್ಲಿ ಮೂಡುಬಿದಿರೆಯ ಬಸ್ಸು ಹೋಯಿತು. ಕಮಲಾಕ್ಷ ಪೆಟ್ಟಿಗೆಯನ್ನು ತೋರಿಸಿ, "ಸರ್ ಮಾಡಿ ಮುಗಿಸಿದ್ರಾ?" ಎಂದ.

"ಇಲ್ಲ. ಎರಡು ಚಿತ್ರ ಸೇರುತ್ತಿರಲಿಲ್ಲ. ಈಗ ಸೇರ್ತದೆ."

"ನೋಡುವ ಹಾಗಾದರೆ."

ಶೆಡ್ಡಿನ ಬಾಗಿಲು ಹಾಕಿ, ಶೀಟಿನ ತೂತುಗಳಿಗೆ ಗೋಣಿ ಸಿಕ್ಕಿಸಿದರು. ಕಾಂತಿ ಹಳೆಯ ಮೋಟಾರುಗಳ ಎಡೆಯಲ್ಲಿ ತಡವರಿಸಿಕೊಂಡು ತುದಿಗೆ ಹೋಗಿ ಗೋಣಿಯ ಹಿಂದೆ ಅಡಗಿ ಕೂತಳು. ನಸೀಬಾ ಹೆಲ್ಮೆಟ್ಟನ್ನು ಕಮಲಾಕ್ಷನ ತಲೆಗೆ ಇಟ್ಟು, ಪಟ್ಟಿ ಬಿಗಿದು, ಎರಡು ಸ್ವಿಚ್ಚು ಹಾಕಿದಳು. ಅವನು ಒಂದು ಹೆಜ್ಜೆ ಇಟ್ಟ. ಇನ್ನೊಂದು ಇಟ್ಟ. ಆಮೇಲೆ ನೆಲದಲ್ಲಿದ್ದ ಮೋಟಾರು, ಕಬ್ಬಿಣದ ರಾಶಿ, ವಯರಿನ ಸುರುಳಿ ಯಾವುದಕ್ಕೂ ಕಾಲು ತಾಗಿಸದೆ ನೇರ ಹೋಗಿ, ಗೋಣಿಯ ಅಂಚಿನಿಂದ ಹೊರಗೆ ಉಳಿದಿದ್ದ ಕಾಂತಿಯ ಹೆಗಲಿನ ಮೇಲೆ ಕೈ ಇಟ್ಟ.

"ಅಯ್ಯಬ್ಬ, ಹೇಗೆ ಗೊತ್ತಾಯಿತು?" ಕತ್ತಲೆಯಲ್ಲಿ ಕಾಂತಿಯ ಸ್ವರ.

ಕಮಲಾಕ್ಷ ಬಾಗಿಲ ಕಡೆ ವಾಪಸು ಬಂದ. ಬಾಗಿಲು ತೆರೆಯುವ ಮೊದಲು ಎರಡು ಸ್ವಿಚ್ಚೂ ಆರಿಸಿ, ಹೆಲ್ಮೆಟ್ಟು ತೆಗೆದು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತ. "ಸರ್ ಇದನ್ನು ನೋಡಲಿಲ್ಲ ಅಲ್ವಾ," ಎಂದ.

"ಇಲ್ಲ."

ಅವಳು ಚೀಲದಿಂದ ಸ್ಕ್ರೂಡ್ರೈವರ್ ತೆಗೆದಳು. ಮೊದಲನೆಯ ಸ್ಕ್ರೂ ಬಿಗಿಯಾಗಿತ್ತು. ಕೊನೆಗೆ ಅದನ್ನು ಬಿಗಿದದ್ದು ತಾನೇ ಎಂದು ಅರ್ಧ ತಿರುಗಿಸಿದ ಮೇಲೆ ನೆನಪಾಯಿತು. ನಾಲ್ಕೂ ಬಿಚ್ಚಿದಳು. ಕ್ಯಾಮೆರಾವನ್ನು ತನ್ನ ಸೆರಗಿನಿಂದ ಒರಸಿ ಕಮಲಾಕ್ಷನ ಎಡಗೈಗೆ ಕೊಟ್ಟಳು. ರಬ್ಬರಿನ ತುಂಡು ಪಟ್ಟಿಗೆ ಅಂಟಿಕೊಂಡೇ ಉಳಿಯಿತು.

"ಅದನ್ನು ತೆಗೆಯಬೇಡಿ," ಎಂದ ಕಮಲಾಕ್ಷ. "ಪಟ್ಟಿ ಹಾಗೆಯೇ ಇರಲಿ. ಚಾರ್ಮಾಡಿಯ ಜೀಪಿನವರ ನಂಬರ್ ನನ್ನಲ್ಲಿ ಉಂಟು. ಅಲ್ಲಿಂದ ಫೋನ್ ಬಂದರೆ ನಾನು ಕ್ಯಾಮೆರಾ ತರ್ತೇನೆ, ನೀವು ಹೆಲ್ಮೆಟ್ಟು ತನ್ನಿ. ನಾಲ್ಕು ಸ್ಕ್ರೂ, ಐದು ನಿಮಿಷ."

ಹೆಲ್ಮೆಟ್ಟನ್ನು ಮೇಜಿನ ಮೇಲೆ ಇಟ್ಟರೆ ಅದು ನಿಲ್ಲಲಿಲ್ಲ. ಕ್ಯಾಮೆರಾದ ಭಾರ ಹೋದದ್ದರಿಂದ ಹಿಂದಕ್ಕೆ ಮಗುಚಿಕೊಂಡಿತು. ಎರಡು ಸಲ ಇಟ್ಟಳು, ಎರಡು ಸಲವೂ ಮಗುಚಿತು. ಅವನ ಸೊಟ್ಟ ಹೊಲಿಗೆಯನ್ನು ಇಷ್ಟು ದಿನ ಬಿಚ್ಚದೆ ಇಟ್ಟಿದ್ದಳು. ಈಗ ಕಾಂತಿಯಲ್ಲಿ ಕತ್ತರಿ ಕೇಳಿದಳು. ಚೀಲದೊಳಗಿನಿಂದ ಅಂಗೈಗೆ ಜಾರಿ ಬಿದ್ದದ್ದು ಆರು ಮೂಲೆಯ ಒಂದು ಕಬ್ಬಿಣದ ಗಟ್ಟಿ. ಮೇಲೆ 500 ಗ್ರಾಂ ಎಂದು ಅಚ್ಚಿತ್ತು.

ಬಂಟ್ವಾಳ ಪೇಟೆಯಲ್ಲಿ ಬಸ್ಸಿಳಿದು ಅವಳು ಮನೆಯ ಕಡೆ ಹೋಗಲಿಲ್ಲ, ಅಂಗಡಿಗೆ ಹೋದಳು. ಝಕರಿಯಾ ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದರು. ವಯಸ್ಸಾದ ಚನಿಯಪ್ಪ ಒಬ್ಬ ಹೆಂಗಸಿಗೆ ನೀರುಳ್ಳಿ ತೂಗುತ್ತಿದ್ದ. ತಕ್ಕಡಿಯ ಒಂದು ತಟ್ಟೆಯಲ್ಲಿ ಇನ್ನೂರರ ಎರಡು ಕಲ್ಲು, ನೂರರ ಒಂದು ಕಲ್ಲು.

ನಸೀಬಾ ಅರ್ಧ ಕಿಲೋದ ಕಲ್ಲನ್ನು ಹಲಗೆಯ ಮೇಲೆ ಇಟ್ಟಳು.

"ಇದು ಎಲ್ಲಿತ್ತು?" ಝಕರಿಯಾ ಕೇಳಿದರು.

"ಅವರು ತೆಗೆದುಕೊಂಡು ಹೋಗಿದ್ದರು, ಹೆಲ್ಮೆಟ್ಟಿನ ಹಿಂದೆ ಹಾಕಲಿಕ್ಕೆ. ಇದು ನನಗೆ ಇವತ್ತು ಗೊತ್ತಾಯಿತು." ಅವಳು ಪೆಟ್ಟಿಗೆಯನ್ನು ಕೆಳಗೆ ಇಳಿಸಿದಳು. "ಸಿದ್ಧಕಟ್ಟೆಯ ಕಮಲಾಕ್ಷನವರ ಕ್ಯಾಮೆರಾ ಕೂಡ ನಮ್ಮಲ್ಲಿತ್ತು. ಅದು ಮೊದಲೇ ಗೊತ್ತಿತ್ತು. ನೀವು ಕೇಳಿದ ದಿನ ನಾನು ಇಲ್ಲ ಅಂದದ್ದು ಸುಳ್ಳು ಝಕರಿಯಾಕ. ಈಗ ಕೊಟ್ಟು ಬಂದೆ."

ಝಕರಿಯಾ ಅವಳ ಕಡೆ ನೋಡಲಿಲ್ಲ. ಹಲಗೆಯ ಮೇಲಿನ ಕಲ್ಲನ್ನು ನೋಡಿದರು, ಆಮೇಲೆ ಚನಿಯಪ್ಪನನ್ನು ನೋಡಿದರು.

"ನಾಲ್ಕು ತಿಂಗಳು ನಿನ್ನನ್ನು ಬೈದೆನಲ್ಲ ಮಾರಾಯ," ಎಂದರು.

"ಬೈದದ್ದು ಹೋಗಲಿ," ಎಂದ ಚನಿಯಪ್ಪ. "ಅರ್ಧ ಕಿಲೋಗೆ ಮೂರು ಮೂರು ಕಲ್ಲು ಎತ್ತಿ ಎತ್ತಿ ನನ್ನ ಕೈ ಸೋತಿತ್ತು."

ಅವನು ತಟ್ಟೆಯಲ್ಲಿದ್ದ ಮೂರು ಕಲ್ಲುಗಳನ್ನು ತೆಗೆದ. ನಸೀಬಾ ತಂದದ್ದನ್ನು ಲುಂಗಿಯ ಅಂಚಿಗೆ ಒರಸಿ ಅಲ್ಲಿ ಇಟ್ಟ. ಮುಳ್ಳು ಎರಡು ಸಲ ಅಲ್ಲಾಡಿ ನಡುವಿಗೆ ಬಂತು. ನೀರುಳ್ಳಿಯ ಹೆಂಗಸು ತನ್ನ ಚೀಲ ಅಗಲ ಮಾಡಿ ಹಿಡಿದಳು.